ಯಾವುದರ ನೂರಕ್ಕೆ?

(ವಿದ್ಯಾರ್ಥಿನಿಲಯದ ಗೆಳೆಯರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)

ಗೆಳೆಯರೇ,

ಹಾಡು, ಭಾಷಣ, ಚರ್ಚೆ ಎಲ್ಲ ಆದ ಮೇಲೆ ಲೆಕ್ಕದ ಪಾಠ ಅಂದರೆ ಕೆಲವರಿಗೆ ನಿದ್ದೆ ಬರಬಹುದು. ಆದರೂ ಈ ಹೊತ್ತು ನಾವು ಶೇಕಡಾ ಲೆಕ್ಕ ಒಂದನ್ನೇ ಹಿಡಿದುಕೊಂಡು ಕೂತಿದ್ದೇವೆ. ಅದಕ್ಕೆ ಕಾರಣ ಇದೆ.

ನಮ್ಮ ಬದುಕಿಗೆ ಸಂಬಂಧಪಟ್ಟ ಯಾವ ಕಾಗದ ತೆಗೆದರೂ ಅದರಲ್ಲಿ ಶೇಕಡಾ ಇರ್ತದೆ. ಮೀಸಲಾತಿ ಶೇಕಡಾ ಇಷ್ಟು. ಹಾಜರಾತಿ ಶೇಕಡಾ ಇಷ್ಟಿಲ್ಲದಿದ್ದರೆ ಪರೀಕ್ಷೆಗೆ ಕೂರಿಸೋದಿಲ್ಲ. ಅಂಕ ಶೇಕಡಾ ಇಷ್ಟಿದ್ದರೆ ಮಾತ್ರ ಅರ್ಜಿ. ಊರಲ್ಲಿ ಅಪ್ಪ ಮಾಡಿದ ಸಾಲಕ್ಕೆ ನೂರಕ್ಕೆ ಇಷ್ಟು ಬಡ್ಡಿ. ಬಜೆಟ್ಟಿನಲ್ಲಿ ನಮ್ಮ ಪಾಲು ಶೇಕಡಾ ಇಷ್ಟು. ಈ ಲೆಕ್ಕ ಬಿಡಿಸೋಕೆ ಬಾರದವನು ಏನು ಮಾಡಬೇಕು? ಲೆಕ್ಕ ಗೊತ್ತಿರೋ ಇನ್ನೊಬ್ಬ ಹೇಳಿದ್ದನ್ನ ನಂಬಬೇಕು. ನಮ್ಮ ಹಿರಿಯರು ಸಾಹುಕಾರನ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದ್ದು ಹೀಗೆ ನಂಬಿಯೇ. ಪದವಿ ಓದುತ್ತಿರೋ ನಾವೂ ಹಾಗೇ ನಂಬಿ ಸಹಿ ಹಾಕಿದರೆ ಹೆಬ್ಬೆಟ್ಟಿಗೂ ಸಹಿಗೂ ಏನು ವ್ಯತ್ಯಾಸ ಉಳೀತು?

ಎರಡನೆಯ ಕಾರಣ ಪರೀಕ್ಷೆ. ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪೊಲೀಸ್, ಬ್ಯಾಂಕು, ರೈಲ್ವೆ, ಯಾವ ಪರೀಕ್ಷೆಗೆ ತಯಾರಾದರೂ ಶೇಕಡಾದ ವಾಕ್ಯರೂಪದ ಲೆಕ್ಕ ಎದುರಾಗ್ತದೆ. ನಮ್ಮ ಎಷ್ಟೋ ಗೆಳೆಯರು ಅಂಥ ಪ್ರಶ್ನೆ ಕಂಡ ಕೂಡಲೇ ಬಿಟ್ಟು ಮುಂದೆ ಹೋಗ್ತಾರೆ. ಒಂದೆರಡು ಅಂಕದಲ್ಲಿ ಕೆಲಸ ತಪ್ಪಿದವರು ನಮ್ಮ ನಡುವೆ ಕಡಿಮೆ ಇಲ್ಲ.

‘ಲೆಕ್ಕ ನಿಮ್ಮಂಥವರ ತಲೆಗೆ ಹತ್ತೋದಲ್ಲ’ ಅನ್ನೋ ಮಾತನ್ನ ಶಾಲೆಯಲ್ಲಿ ಕೇಳಿಸಿಕೊಂಡವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಆ ಮಾತು ಸುಳ್ಳು. ಬಾಬಾಸಾಹೇಬರು ಕೊಲಂಬಿಯಾದಲ್ಲೂ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲೂ ಓದಿದ್ದು ಅರ್ಥಶಾಸ್ತ್ರ. ರೂಪಾಯಿಯ ಸಮಸ್ಯೆ ಕುರಿತ ಅವರ ಪುಸ್ತಕ ಬಂದದ್ದು 1923ರಲ್ಲಿ. ಅಂಕಿಸಂಖ್ಯೆಗೆ ಹೆದರೋ ಮನುಷ್ಯ ಅಂಥ ಪುಸ್ತಕ ಬರೆಯೋಕೆ ಆಗ್ತದೆಯೆ? ಅಷ್ಟು ದೂರ ಹೋಗೋದೂ ಬೇಡ, ನಮ್ಮ ಕೇರಿಯನ್ನೇ ನೋಡಿ.

ಕೇರಿಗೆ ಗೊತ್ತಿರೋ ಲೆಕ್ಕ

ಪಾಲಿಗೆ ಗೇಯುವವನಿಗೆ ‘ಅರ್ಧ ಪಾಲು’ ಅಂದರೆ ಏನು ಅಂತ ಯಾರೂ ಪಾಠ ಹೇಳಬೇಕಾಗಿಲ್ಲ. ಹತ್ತು ಮೂಟೆ ರಾಗಿ ಬಂದರೆ ಐದು ಒಡೆಯನಿಗೆ, ಐದು ತನಗೆ. ಅವ್ವನಿಗೆ ಪಾವು ಅಂದರೆ ಸೇರಿನ ಕಾಲು ಭಾಗ, ಅಚ್ಚೇರು ಅಂದರೆ ಅರ್ಧ ಅಂತ ಗೊತ್ತು. ಅಜ್ಜನ ಕಾಲದ ರೂಪಾಯಿಗೆ 16 ಆಣೆ. ನಾಲ್ಕಾಣೆ ಪಾಲು ಅಂದರೆ ಕಾಲು, ಎಂಟಾಣೆ ಅಂದರೆ ಅರ್ಧ, ಹನ್ನೆರಡಾಣೆ ಅಂದರೆ ಮುಕ್ಕಾಲು. ಇಡೀ ಒಂದು ವಸ್ತು, ಅದರಲ್ಲಿ ಒಂದು ಭಾಗ. ಶೇಕಡಾ ಲೆಕ್ಕವೂ ಇದೇ. ಆಣೆ ಲೆಕ್ಕದಲ್ಲಿ ಇಡೀ ವಸ್ತುವನ್ನ 16 ತುಂಡು ಮಾಡ್ತಿದ್ದರು, ಶೇಕಡಾದಲ್ಲಿ 100 ತುಂಡು ಮಾಡ್ತಾರೆ.

ಶೇಕಡಾ ಅನ್ನೋದು ಮರಾಠಿ ಕಡೆಯಿಂದ ಬಂದ ಮಾತು. ಅಲ್ಲಿ ಶೇಕಡಾ ಅಂದರೆ ನೂರು. ಪರ್ಸೆಂಟ್ ಅನ್ನೋದು ಲ್ಯಾಟಿನ್ ಮೂಲದ್ದು, ಅದರ ಅರ್ಥವೂ ‘ನೂರಕ್ಕೆ’ ಅಂತಲೇ. ನಮ್ಮ ಜನ ಮೊದಲಿಂದ ಆಡುತ್ತಾ ಬಂದಿರೋದೂ ‘ನೂರಕ್ಕೆ ಇಷ್ಟು’ ಅಂತ. ಹಾಗಾಗಿ ಪದ ನೋಡಿ ಹೆದರಬೇಕಾಗಿಲ್ಲ.

1957ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಆಣೆ ಹೋಗಿ ರೂಪಾಯಿಗೆ 100 ಪೈಸೆ ಆಯ್ತು. ಅವತ್ತಿನಿಂದ ಶೇಕಡಾ ಲೆಕ್ಕ ಪ್ರತಿಯೊಬ್ಬರ ಜೇಬಿಗೂ ಬಂದ ಹಾಗಾಯ್ತು. ರೂಪಾಯಿಯ ಶೇಕಡಾ 1 ಅಂದರೆ ಒಂದು ಪೈಸೆ. ಶೇಕಡಾ 15 ಅಂದರೆ ರೂಪಾಯಿಗೆ 15 ಪೈಸೆ. 240 ರೂಪಾಯಿಯ ಶೇಕಡಾ 15 ಎಷ್ಟು? ಒಂದು ರೂಪಾಯಿಗೆ 15 ಪೈಸೆ ಆದರೆ 240 ರೂಪಾಯಿಗೆ 240 ಸಲ 15 ಪೈಸೆ, ಅಂದರೆ 3,600 ಪೈಸೆ, ಅಂದರೆ 36 ರೂಪಾಯಿ. ಸೂತ್ರ ಮರೆತುಹೋದರೂ ಈ ಪೈಸೆ ಕೈಬಿಡೋದಿಲ್ಲ.

ಸೂತ್ರವೂ ಇಷ್ಟೇ: ಇಡೀ ಸಂಖ್ಯೆಯನ್ನ ಶೇಕಡಾ ಅಂಕಿಯಿಂದ ಗುಣಿಸಿ, 100ರಿಂದ ಭಾಗಿಸಿ. ಬಂದದ್ದು ಭಾಗ.

ಪರೀಕ್ಷೆಯಲ್ಲಿ ಹೊತ್ತಿಲ್ಲದಾಗ ಬಾಯಿಲೆಕ್ಕ ಮಾಡಬೇಕಾಗ್ತದೆ. ಮೊದಲು ಶೇಕಡಾ 10 ಹಿಡಿಯಿರಿ, ಹತ್ತರಿಂದ ಭಾಗಿಸಿದರೆ ಸಾಕು. ಅದರ ಅರ್ಧ ಶೇಕಡಾ 5. ನೂರರಿಂದ ಭಾಗಿಸಿದರೆ ಶೇಕಡಾ 1. ಉಳಿದದ್ದೆಲ್ಲ ಇವುಗಳ ಕೂಡಿಕೆ. 600ರ ಶೇಕಡಾ 17 ಬೇಕೆ? ಹತ್ತಕ್ಕೆ 60, ಐದಕ್ಕೆ 30, ಎರಡಕ್ಕೆ 12. ಕೂಡಿದರೆ 102. ಎಸ್ಸೆಸ್ಸೆಲ್ಸಿಯ 625 ಅಂಕಗಳ ಶೇಕಡಾ 60? ಹತ್ತಕ್ಕೆ 62.5, ಅದರ ಆರು ಪಟ್ಟು 375. ಇನ್ನೊಂದು ಉಪಾಯ: 25ರ ಶೇಕಡಾ 16 ಅಂತ ಕೇಳಿದರೆ ತಿರುಗಿಸಿ 16ರ ಶೇಕಡಾ 25 ಮಾಡಿ. ಎರಡೂ ಒಂದೇ. ಹದಿನಾರರ ಕಾಲು ಭಾಗ, 4.

ಮೊದಲು ಇಡೀ ಯಾವುದು ಅಂತ ಹುಡುಕಿ

ಗುಣಾಕಾರ ಭಾಗಾಕಾರ ನಿಮಗೆಲ್ಲ ಬರ್ತದೆ. ಆದರೂ ವಾಕ್ಯರೂಪದ ಲೆಕ್ಕ ಯಾಕೆ ತಪ್ಪಾಗ್ತದೆ? ನಾವು ನೋಡಿದ ಮಟ್ಟಿಗೆ ಹುಡುಗರು ಎಡವೋದು ಒಂದೇ ಕಡೆ. ಶೇಕಡಾ ಎಷ್ಟು ಅನ್ನೋದನ್ನ ನೋಡ್ತಾರೆ, ಯಾವುದರ ಶೇಕಡಾ ಅನ್ನೋದನ್ನ ನೋಡೋದಿಲ್ಲ. ಆದ್ದರಿಂದ ಪೆನ್ನು ಕಾಗದಕ್ಕೆ ಮುಟ್ಟಿಸೋ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ಇಡೀ ಯಾವುದು? ಎರಡು, ಅದರ ನೂರಕ್ಕೆ ಎಷ್ಟು? ಮೂರು, ಕೇಳಿರೋದು ಆ ಭಾಗವನ್ನೋ, ಭಾಗ ಹೋಗಿ ಉಳಿದದ್ದನ್ನೋ?

ಇಡೀ ಯಾವುದು ಅಂತ ಕಂಡುಹಿಡಿಯೋಕೆ ನಮ್ಮ ಕನ್ನಡ ವ್ಯಾಕರಣವೇ ದಾರಿ ತೋರಿಸ್ತದೆ. ‘ವಿದ್ಯಾರ್ಥಿಗಳ ಶೇಕಡಾ 35’, ‘ಬೆಲೆಯ ಶೇಕಡಾ 20’. ಷಷ್ಠೀ ವಿಭಕ್ತಿ ಹತ್ತಿರೋ ಮಾತೇ ಇಡೀ. ‘ವಿದ್ಯಾರ್ಥಿಗಳ ಪೈಕಿ’, ‘ವಿದ್ಯಾರ್ಥಿಗಳಲ್ಲಿ’ ಅಂದರೂ ಅಷ್ಟೇ. ‘ಹೋದ ವರ್ಷಕ್ಕಿಂತ ಶೇಕಡಾ 20 ಹೆಚ್ಚು’ ಅಂದರೆ ‘ಇಂತ’ ಹತ್ತಿರೋ ಮಾತು, ಅಂದರೆ ಹೋದ ವರ್ಷದ ಸಂಖ್ಯೆ, ಇಡೀ. ಆ ಮಾತಿನ ಕೆಳಗೆ ಗೆರೆ ಎಳೆಯಿರಿ. ಅರ್ಧ ಲೆಕ್ಕ ಮುಗೀತು.

ಒಂದು ಲೆಕ್ಕ ಮಾಡೋಣ. ‘ಒಂದು ವಿದ್ಯಾರ್ಥಿನಿಲಯದಲ್ಲಿ 240 ವಿದ್ಯಾರ್ಥಿಗಳಿದ್ದಾರೆ. ಅವರಲ್ಲಿ ಶೇಕಡಾ 35 ಮಂದಿ ಪಿಯುಸಿಯವರು. ಪಿಯುಸಿಯವರಲ್ಲಿ ಶೇಕಡಾ 25 ಮಂದಿ ವಿಜ್ಞಾನ ಓದುತ್ತಾರೆ. ಹಾಗಾದರೆ ಪಿಯುಸಿ ವಿಜ್ಞಾನದವರು ಎಷ್ಟು?’ ಮೊದಲ ವಾಕ್ಯದಲ್ಲಿ ಇಡೀ 240. ಅದರ ಹತ್ತು 24, ಮೂವತ್ತು 72, ಐದು 12. ಒಟ್ಟು 84 ಮಂದಿ ಪಿಯುಸಿಯವರು. ಈಗ ಎರಡನೇ ವಾಕ್ಯ ನೋಡಿ. ಅಲ್ಲಿ ‘ಪಿಯುಸಿಯವರಲ್ಲಿ’ ಅಂತಿದೆ. ಇಡೀ ಬದಲಾಯ್ತು! ಅದೀಗ 240 ಅಲ್ಲ, 84. ಅದರ ಕಾಲು ಭಾಗ 21. ಉತ್ತರ 21 ಮಂದಿ. 240ರ ಕಾಲು ಭಾಗ ಹಾಕಿ 60 ಅಂತ ಬರೆದವನು ಗುಣಿಸೋದರಲ್ಲಿ ತಪ್ಪಿಲ್ಲ, ಇಡೀ ಬದಲಾದದ್ದನ್ನ ನೋಡಲಿಲ್ಲ. ಆ 21 ಮಂದಿ ನಿಲಯದ ಒಟ್ಟು ಹುಡುಗರ ಶೇಕಡಾ ಎಷ್ಟು ಅಂತ ಕೇಳಿದರೆ 21ನ್ನ 240ರಿಂದ ಭಾಗಿಸಿ 100ರಿಂದ ಗುಣಿಸಿ. ಶೇಕಡಾ 8.75. ಇಪ್ಪತ್ತೈದು ಎಲ್ಲಿ, ಎಂಟೂಮುಕ್ಕಾಲು ಎಲ್ಲಿ? ಹುಡುಗರು ಅವರೇ, ಅಳೆದ ಇಡೀ ಬೇರೆ.

ಹಾಜರಾತಿ ಲೆಕ್ಕವನ್ನೂ ಹೀಗೇ ನೋಡಿ. ವರ್ಷಕ್ಕೆ 200 ದಿನ ಪಾಠ, ಶೇಕಡಾ 75 ಹಾಜರಾತಿ ಬೇಕು ಅಂದರೆ 150 ದಿನ. 120 ದಿನ ಕಳೆದಿದೆ, ನೀವು ಹೋಗಿರೋದು 78 ದಿನ. ಇನ್ನು ಬೇಕಾಗಿರೋದು 72 ದಿನ. ಉಳಿದಿರೋದು 80 ದಿನ. ಅಂದರೆ ಉಳಿದ ದಿನಗಳ ಶೇಕಡಾ 90 ಹೋಗಲೇಬೇಕು. ಶೇಕಡಾ 75 ತಾನೇ ಅಂತ ಸುಗ್ಗಿ ಕೂಲಿಗೋ ಹಬ್ಬಕ್ಕೋ ಊರಿಗೆ ಹೋಗಿ ಹದಿನೈದು ದಿನ ಕೂತವನಿಗೆ ಹಾಲ್ ಟಿಕೆಟ್ ಸಿಗೋದಿಲ್ಲ. ವಾರ್ಡನ್ನರ ಹತ್ತಿರ ಅಳೋದಕ್ಕಿಂತ ಮೊದಲೇ ಈ ಲೆಕ್ಕ ಹಾಕೋದು ಒಳ್ಳೇದು.

ಸಾಹುಕಾರನ ಶೇಕಡಾ

ಈಗ ಊರಿಗೆ ಬನ್ನಿ. ‘ನೂರಕ್ಕೆ ಐದು ರೂಪಾಯಿ ಬಡ್ಡಿ’ ಅಂತಾನೆ. ಐದು ರೂಪಾಯಿ ತಾನೇ ಅನ್ನಿಸ್ತದೆ. ಆದರೆ ಅದು ತಿಂಗಳಿಗೆ. ಬ್ಯಾಂಕಿನವರು ಶೇಕಡಾ 12 ಅನ್ನೋದು ವರ್ಷಕ್ಕೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕಾದರೆ ಸಾಹುಕಾರನದನ್ನ ಹನ್ನೆರಡರಿಂದ ಗುಣಿಸಬೇಕು. ವರ್ಷಕ್ಕೆ ಶೇಕಡಾ 60 ಆಗ್ತದೆ. 2,000 ರೂಪಾಯಿ ತಗೊಂಡರೆ ಅದರಲ್ಲಿ ಇಪ್ಪತ್ತು ನೂರು ಇವೆ, ಇಪ್ಪತ್ತೈದಲೆ ನೂರು. ತಿಂಗಳಿಗೆ 100 ರೂಪಾಯಿ ಬಡ್ಡಿ. ಇಪ್ಪತ್ತು ತಿಂಗಳಿಗೆ ಬಡ್ಡಿಯೇ 2,000 ಆಗ್ತದೆ, ಅಸಲು ಹಾಗೇ ಕೂತಿರ್ತದೆ. ಜೀತ ಪದ್ಧತಿಯನ್ನ 1976ರ ಕಾಯ್ದೆ ರದ್ದು ಮಾಡ್ತು. ಜೀತದಾಳನ್ನ ಕಟ್ಟಿಹಾಕಿದ್ದ ಹಗ್ಗದಲ್ಲಿ ಈ ಬಡ್ಡಿ ಲೆಕ್ಕವೂ ಒಂದು ಎಳೆ ಅನ್ನೋದನ್ನ ಮರೆಯಬಾರದು.

ಕೆಲವರು 1,000 ಕೊಡ್ತೀನಿ ಅಂತ ಹೇಳಿ, 100 ರೂಪಾಯಿ ಬಡ್ಡಿ ಮೊದಲೇ ಮುರಿದುಕೊಂಡು 900 ಕೈಗಿಡ್ತಾರೆ. ‘ಶೇಕಡಾ ಹತ್ತೇ’ ಅಂತಾರೆ. ನಿಮ್ಮ ಕೈಗೆ ಬಂದ ಇಡೀ ಯಾವುದು? 900. 900ಕ್ಕೆ 100 ಅಂದರೆ ಶೇಕಡಾ 11ಕ್ಕೂ ಮೇಲೆ.

ಇತ್ತೀಚೆಗೆ ಸಾಲ ಕೊಡೋ ಕಂಪನಿಗಳು ನಮ್ಮ ಕೇರಿಯ ಹೆಣ್ಣುಮಕ್ಕಳ ಗುಂಪುಗಳಿಗೆ ಬಂದಿವೆ. ವಸೂಲಿಯ ಕಾಟ ಹೆಚ್ಚಾಗಿ 2025ರಲ್ಲಿ ಕರ್ನಾಟಕ ಸರ್ಕಾರ ಅದಕ್ಕೆ ಒಂದು ಕಾನೂನನ್ನೇ ತರಬೇಕಾಯ್ತು. ಅಂಥ ಸಾಲದ ಕಾಗದ ಮನೆಗೆ ಬಂದರೆ ನೀವು ನೋಡಬೇಕಾದದ್ದು ಇದನ್ನ. 10,000 ಸಾಲ, ಹತ್ತು ಕಂತು, ತಿಂಗಳಿಗೆ ಅಸಲು 1,000, ಬಡ್ಡಿ ತಿಂಗಳಿಗೆ ನೂರಕ್ಕೆ 1 ಅಂತ ಇಟ್ಟುಕೊಳ್ಳಿ. ಯಾವುದರ ನೂರಕ್ಕೆ? ಮೊದಲು ತಗೊಂಡ 10,000ದ ಮೇಲೇ ಕೊನೇವರೆಗೂ ಹಾಕಿದರೆ ಪ್ರತಿ ತಿಂಗಳೂ 100, ಹತ್ತು ತಿಂಗಳಿಗೆ 1,000 ರೂಪಾಯಿ ಬಡ್ಡಿ. ಕಟ್ಟಿದ್ದನ್ನ ಕಳೆದು, ಉಳಿದ ಸಾಲದ ಮೇಲೆ ಮಾತ್ರ ಹಾಕಿದರೆ ಮೊದಲ ತಿಂಗಳು 100, ಆಮೇಲೆ 90, 80, ಹೀಗೆ ಇಳಿದು ಕೊನೇ ತಿಂಗಳು 10. ಕೂಡಿದರೆ 550. ಕಾಗದದ ಮೇಲೆ ಎರಡೂ ‘ನೂರಕ್ಕೆ 1’. ಅವ್ವನ ಸೆರಗಿನ ಗಂಟಿನಿಂದ ಹೋಗೋದರಲ್ಲಿ 450 ರೂಪಾಯಿ ವ್ಯತ್ಯಾಸ. ರಜೆಗೆ ಊರಿಗೆ ಹೋದಾಗ ಆ ಪಾಸ್‌ಬುಕ್ ತೆಗೆದು ನೋಡಿ, ಅವ್ವನಿಗೂ ಗುಂಪಿನ ಅಕ್ಕಂದಿರಿಗೂ ಓದಿ ಹೇಳಿ.

ಕೂಲಿಯಲ್ಲೂ ಇದೇ ಆಟ ಇದೆ. 400 ರೂಪಾಯಿ ಕೂಲಿಯನ್ನ ಶೇಕಡಾ 10 ಇಳಿಸಿದರು, 360 ಆಯ್ತು. ಗಲಾಟೆ ಆದ ಮೇಲೆ ‘ಇಳಿಸಿದ ಹತ್ತನ್ನೇ ಏರಿಸಿದ್ದೇವೆ’ ಅಂದರು. ಏರಿಸಿದ್ದು ಯಾವುದರ ಹತ್ತು? 360ರದು. 36 ಸೇರಿ 396 ಆಯ್ತು. 4 ರೂಪಾಯಿ ಕೈಬಿಟ್ಟಿತು.

ಪುಣೆ ಒಪ್ಪಂದದ ಹದಿನೆಂಟು

ಇಷ್ಟು ಹೊತ್ತು ರೂಪಾಯಿ ಲೆಕ್ಕ ಆಯ್ತು. ಈಗ ಹಕ್ಕಿನ ಲೆಕ್ಕಕ್ಕೆ ಬರೋಣ.

1932ರ ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದ ಆದದ್ದು ನಿಮಗೆಲ್ಲ ಗೊತ್ತು. ಪ್ರತ್ಯೇಕ ಮತಕ್ಷೇತ್ರ ಹೋಯ್ತು, ಪ್ರಾಂತ್ಯಗಳ ಶಾಸನಸಭೆಗಳಲ್ಲಿ 148 ಸ್ಥಾನ ಮೀಸಲಾಯ್ತು. ಕೇಂದ್ರ ಶಾಸನಸಭೆಗೆ ಏನಾಯ್ತು? ‘ಶೇಕಡಾ 18’ ಅಂತ ಎಲ್ಲರೂ ಉರು ಹೊಡೆದಿದ್ದೇವೆ. ಯಾವುದರ ಶೇಕಡಾ 18? ಒಪ್ಪಂದದ ಮಾತು ಹೇಳೋದು, ಬ್ರಿಟಿಷ್ ಇಂಡಿಯಾದ ಸಾಮಾನ್ಯ ಮತದಾರರಿಗೆ ಬಿಟ್ಟ ಸ್ಥಾನಗಳ ಶೇಕಡಾ 18 ಅಂತ. ಒಟ್ಟು ಸ್ಥಾನಗಳ ಶೇಕಡಾ 18 ಅಲ್ಲ.

1935ರ ಭಾರತ ಸರ್ಕಾರ ಕಾಯ್ದೆಯಲ್ಲಿ ಇದು ಅಂಕಿಯಾಗಿ ಬಂತು. ಫೆಡರಲ್ ಅಸೆಂಬ್ಲಿಯಲ್ಲಿ ಬ್ರಿಟಿಷ್ ಇಂಡಿಯಾಕ್ಕೆ 250 ಸ್ಥಾನ. ಅದರಲ್ಲಿ ಮುಸ್ಲಿಮರಿಗೆ 82, ಆಮೇಲೆ ಸಿಖ್ಖರು, ಕ್ರೈಸ್ತರು, ಯುರೋಪಿಯನ್ನರು, ಜಮೀನುದಾರರು, ವ್ಯಾಪಾರಿಗಳು, ಕಾರ್ಮಿಕರು, ಮಹಿಳೆಯರು ಅಂತ ಬೇರೆ ಬೇರೆ ಸ್ಥಾನ ತೆಗೆದ ಮೇಲೆ ಸಾಮಾನ್ಯ ಅಂತ ಉಳಿದದ್ದು 105. 105ರ ಶೇಕಡಾ 18 ಮಾಡಿ ನೋಡಿ. ಹತ್ತಕ್ಕೆ 10.5, ಐದಕ್ಕೆ 5.25, ಮೂರಕ್ಕೆ 3.15. ಕೂಡಿದರೆ 18.9. ಕಾಯ್ದೆಯಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾದದ್ದು 19. ಲೆಕ್ಕ ಸರಿಯಾಗಿ ಕೂತಿದೆ. 250ನ್ನೇ ಇಡೀ ಅಂತ ಹಿಡಿದಿದ್ದರೆ 45 ಆಗ್ತಿತ್ತು. ಆ 19, 250ರಲ್ಲಿ ಶೇಕಡಾ 7.6 ಮಾತ್ರ. ಕಾಯ್ದೆಯ ಫೆಡರಲ್ ಭಾಗ ಜಾರಿಗೇ ಬರಲಿಲ್ಲ, ಆ ಸಭೆ ಸೇರಲೇ ಇಲ್ಲ ಅನ್ನೋದು ಬೇರೆ ಮಾತು. ನಾವಿಲ್ಲಿ ನೋಡಬೇಕಾದದ್ದು ಒಂದೇ ಒಂದು ಷಷ್ಠೀ ವಿಭಕ್ತಿ. ‘ಸಾಮಾನ್ಯ ಸ್ಥಾನಗಳ’ ಅನ್ನೋ ಮಾತಿಗೂ ‘ಒಟ್ಟು ಸ್ಥಾನಗಳ’ ಅನ್ನೋ ಮಾತಿಗೂ ನಡುವೆ 26 ಸ್ಥಾನ ಇತ್ತು.

ಹದಿನೈದು ಇದ್ದೂ ಸೊನ್ನೆ

ಇದು ಹಳೇ ಕಥೆ ಅನ್ನಬೇಡಿ. 2018ರಲ್ಲಿ ನಡೆದದ್ದು ಕೇಳಿ. ವಿಶ್ವವಿದ್ಯಾಲಯಗಳ ಅಧ್ಯಾಪಕರ ನೇಮಕದಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 15, ಪರಿಶಿಷ್ಟ ಪಂಗಡಕ್ಕೆ 7.5, ಹಿಂದುಳಿದ ವರ್ಗಕ್ಕೆ 27. ಈ ಅಂಕಿಗಳನ್ನ ಯಾರೂ ಮುಟ್ಟಲಿಲ್ಲ. ಆದರೆ 2017ರ ಅಲಹಾಬಾದ್ ಹೈಕೋರ್ಟಿನ ತೀರ್ಪು ಹಿಡಿದು 2018ರ ಮಾರ್ಚ್ 5ರಂದು ಯುಜಿಸಿ ಒಂದು ಆದೇಶ ಹೊರಡಿಸ್ತು. ಇಡೀ ವಿಶ್ವವಿದ್ಯಾಲಯವನ್ನ ಒಂದು ಘಟಕ ಅಂತ ಹಿಡಿಯೋ ಬದಲು ಒಂದೊಂದು ವಿಭಾಗವನ್ನ ಒಂದೊಂದು ಘಟಕ ಅಂತ ಹಿಡಿದು ಲೆಕ್ಕ ಹಾಕಿ ಅಂತ.

ಇದರಿಂದ ಏನಾಗ್ತದೆ? ನಮಗೆ ಗೊತ್ತಿರೋ ಶೇಕಡಾ ಲೆಕ್ಕದಿಂದಲೇ ನೋಡೋಣ. ಒಂದು ಹುದ್ದೆಯ ಶೇಕಡಾ 15 ಅಂದರೆ 0.15. ಆರು ಹುದ್ದೆಗೆ 0.90. ಇನ್ನೂ ಒಂದು ತುಂಬಲಿಲ್ಲ. ಏಳನೇ ಹುದ್ದೆಗೆ 1.05 ಆಗ್ತದೆ. ಅಂದರೆ ಪರಿಶಿಷ್ಟ ಜಾತಿಯ ಮೊದಲ ಪಾಲು ಬರೋದು ಏಳನೇ ಹುದ್ದೆಗೆ. ಪಂಗಡದ 7.5ಕ್ಕೆ 13 ಹುದ್ದೆ ಆದರೂ 0.975, ಅವರ ಸರದಿ ಹದಿನಾಲ್ಕನೇ ಹುದ್ದೆಗೆ. ಹಿಂದುಳಿದವರ 27ಕ್ಕೆ ನಾಲ್ಕನೇ ಹುದ್ದೆಗೆ. ರೋಸ್ಟರ್ ಅಂತ ಗೋಡೆಗೆ ಅಂಟಿಸೋ ಆ ಪಟ್ಟಿ ಹುಟ್ಟೋದು ಹೀಗೆ.

ಈಗ ಊಹೆಗೆ ಒಂದು ವಿಶ್ವವಿದ್ಯಾಲಯ ತಗೊಳ್ಳಿ. 20 ವಿಭಾಗ, ಒಂದೊಂದರಲ್ಲಿ 6 ಹುದ್ದೆ, ಒಟ್ಟು 120. ವಿಶ್ವವಿದ್ಯಾಲಯವೇ ಇಡೀ ಅಂದರೆ 120ರ ಶೇಕಡಾ 15, ಅಂದರೆ 18 ಹುದ್ದೆ ಪರಿಶಿಷ್ಟ ಜಾತಿಗೆ, 9 ಹುದ್ದೆ ಪಂಗಡಕ್ಕೆ, 32 ಹಿಂದುಳಿದವರಿಗೆ. ವಿಭಾಗವೇ ಇಡೀ ಅಂದರೆ? ಯಾವ ವಿಭಾಗದಲ್ಲೂ ಏಳನೇ ಹುದ್ದೆಯೇ ಇಲ್ಲ. ಪರಿಶಿಷ್ಟ ಜಾತಿಗೆ ಸೊನ್ನೆ. ಪಂಗಡಕ್ಕೆ ಸೊನ್ನೆ. ಹಿಂದುಳಿದವರಿಗೆ ವಿಭಾಗಕ್ಕೊಂದರಂತೆ 20. ಶೇಕಡಾ 15 ಅನ್ನೋ ಅಂಕಿ ಕಾಗದದ ಮೇಲೆ ಹಾಗೇ ಇದೆ, ಹದಿನೆಂಟು ಮಂದಿ ಅಧ್ಯಾಪಕರು ಮಾತ್ರ ಇಲ್ಲ. ಇಡೀ ರೊಟ್ಟಿಯಲ್ಲಿ ಪಾಲು ಕೊಡೋ ಬದಲು ರೊಟ್ಟಿಯನ್ನೇ ಚೂರು ಮಾಡಿ, ಒಂದೊಂದು ಚೂರಲ್ಲೂ ‘ನಿನ್ನ ಪಾಲು ತುಂಬಾ ಚಿಕ್ಕದು, ಕೊಡೋಕೆ ಬರೋದಿಲ್ಲ’ ಅಂದ ಹಾಗೆ.

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದರ ವಿರುದ್ಧದ ಮೇಲ್ಮನವಿಯನ್ನ ತಳ್ಳಿಹಾಕಿತು. ದೇಶದ ತುಂಬ ಅಧ್ಯಾಪಕರು, ವಿದ್ಯಾರ್ಥಿಗಳು ಬೀದಿಗಿಳಿದರು. ಆ ಮಾರ್ಚ್‌ನಲ್ಲಿ ಸುಗ್ರೀವಾಜ್ಞೆ ಬಂತು, ಅದೇ ವರ್ಷ ಸಂಸತ್ತಿನಲ್ಲಿ ಕಾಯ್ದೆ ಆಯ್ತು. ಕೇಂದ್ರದ ವಿದ್ಯಾಸಂಸ್ಥೆಗಳಲ್ಲಿ ಇಡೀ ಸಂಸ್ಥೆಯೇ ಒಂದು ಘಟಕ ಅಂತ ಆ ಕಾಯ್ದೆ ಹೇಳ್ತದೆ. ಬೀದಿಗಿಳಿದವರು ಕೇಳಿದ ಪ್ರಶ್ನೆ ನಿಮ್ಮ ಪರೀಕ್ಷೆಯ ಪ್ರಶ್ನೆಯೇ: ಇಡೀ ಯಾವುದು? ಅದನ್ನ ಲೆಕ್ಕ ಹಾಕಿ ತೋರಿಸೋಕೆ ಬಲ್ಲವರು ಇದ್ದದ್ದರಿಂದ ಆ ಹೋರಾಟಕ್ಕೆ ಬಾಯಿ ಬಂತು.

ಎರಡು ಹೆಚ್ಚಾಯ್ತು ಅಂದರೆ

ಕರ್ನಾಟಕದಲ್ಲಿ 2022ರ ಕಾನೂನು ಪರಿಶಿಷ್ಟ ಜಾತಿಯ ಮೀಸಲಾತಿಯನ್ನ ಶೇಕಡಾ 15ರಿಂದ 17ಕ್ಕೆ, ಪಂಗಡದ್ದನ್ನ 3ರಿಂದ 7ಕ್ಕೆ ಏರಿಸ್ತು. ‘ಶೇಕಡಾ 2 ಹೆಚ್ಚಳ’ ಅಂತ ಬಾಯಿಮಾತಲ್ಲಿ ಹೇಳ್ತೇವೆ. ಪರೀಕ್ಷೆಯಲ್ಲಿ ಹಾಗೆ ಬರೆದರೆ ತಪ್ಪಾಗ್ತದೆ. 15ರ ಶೇಕಡಾ 2 ಅಂದರೆ 0.3, ಹಾಗಾದರೆ 15.3 ಆಗಬೇಕಿತ್ತು. ಏರಿದ್ದು ಎರಡು ಅಂಶ. 15ರ ಲೆಕ್ಕದಲ್ಲಿ ಅದು ಶೇಕಡಾ 13.3ರಷ್ಟು ಹೆಚ್ಚಳ. ಪಂಗಡದ್ದು ನಾಲ್ಕು ಅಂಶ, ಅಂದರೆ 3ರ ಶೇಕಡಾ 133ಕ್ಕಿಂತ ಹೆಚ್ಚು. ಸಾವಿರ ಹುದ್ದೆಗೆ ಲೆಕ್ಕ ಹಾಕಿದರೆ ಗೊಂದಲ ಇಲ್ಲ. 150 ಇದ್ದದ್ದು 170, 30 ಇದ್ದದ್ದು 70. ಯಾವಾಗಲೂ ಅನುಮಾನ ಬಂದರೆ ಹೀಗೆ ತಲೆ ಎಣಿಸಿಬಿಡಿ.

ಬಜೆಟ್ಟಿನ ಇಡೀ

ಕೊನೆಗೆ ದೊಡ್ಡ ಲೆಕ್ಕ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ಅದರಲ್ಲಿ ಪರಿಶಿಷ್ಟ ಜಾತಿ 1,04,74,992, ಪರಿಶಿಷ್ಟ ಪಂಗಡ 42,48,987. ಶೇಕಡಾ 17.15 ಮತ್ತು 6.95. ಕೂಡಿದರೆ 24.1. ಎರಡೂ ಒಂದೇ ಇಡೀಯ ಭಾಗಗಳು, ಆದ್ದರಿಂದ ಕೂಡಬಹುದು. ಜನಸಂಖ್ಯೆಗೆ ತಕ್ಕ ಪಾಲಿನ ಹಣ ಈ ಜನರಿಗೇ ಇಡಬೇಕು ಅಂತ 2013ರಲ್ಲಿ ಕರ್ನಾಟಕ ಕಾಯ್ದೆ ಮಾಡ್ತು. ನೂರು ರೂಪಾಯಿಗೆ 24 ರೂಪಾಯಿ 10 ಪೈಸೆ.

ಯಾವ ನೂರು? 2025-26ರ ಬಜೆಟ್ ಒಟ್ಟು 4,09,549 ಕೋಟಿ. ಅದರ ಶೇಕಡಾ 24.1 ಅಂದರೆ ಸುಮಾರು 98,700 ಕೋಟಿ. ಆದರೆ ಈ ಎರಡು ಉಪಯೋಜನೆಗಳಿಗೆ ಇಟ್ಟದ್ದು 42,018 ಕೋಟಿ. ಹಾಗಾದರೆ ಇಡೀ ಬೇರೆ ಇರಬೇಕು. ಈಗ ಲೆಕ್ಕ ಹಿಂದಿನಿಂದ ಮಾಡಿ. ಭಾಗ ಗೊತ್ತು, ಶೇಕಡಾ ಗೊತ್ತು, ಇಡೀ ಬೇಕು. ಭಾಗವನ್ನ 100ರಿಂದ ಗುಣಿಸಿ ಶೇಕಡಾ ಅಂಕಿಯಿಂದ ಭಾಗಿಸಿ. 42,018ನ್ನ 100ರಿಂದ ಗುಣಿಸಿ 24.1ರಿಂದ ಭಾಗಿಸಿದರೆ ಸುಮಾರು 1,74,350 ಕೋಟಿ. ಸಂಬಳ, ಪಿಂಚಣಿ, ಸಾಲದ ಬಡ್ಡಿಯಂಥ ಕಟ್ಟಲೇಬೇಕಾದ ಖರ್ಚು ತೆಗೆದ ಮೇಲೆ ಹಂಚಿಕೆಗೆ ಸಿಗೋ ಹಣವನ್ನ ಇಡೀ ಅಂತ ಹಿಡೀತಾರೆ. ಇಡೀ ಬಜೆಟ್ಟಿನಲ್ಲಿ ನೋಡಿದರೆ ಆ 42,018 ಕೋಟಿ ಶೇಕಡಾ 10ರ ಸುಮಾರು.

ಇದು ಸರಿಯೋ ತಪ್ಪೋ ಅಂತ ವಾದ ಮಾಡಬಹುದು, ಮಾಡಲೇಬೇಕು. ಆದರೆ ‘ಬಜೆಟ್ಟಿನ ಶೇಕಡಾ 24.1 ನಮಗೆ ಬಂತು’ ಅಂತ ಕುಣಿಯೋದೂ ತಪ್ಪು, ಲೆಕ್ಕ ತಿಳಿಯದೆ ಬರೀ ಕೂಗಾಡೋದೂ ತಪ್ಪು. ಆ ಇಡೀಯಿಂದ ಏನೇನು ತೆಗೆದಿದ್ದಾರೆ, ಯಾಕೆ ತೆಗೆದಿದ್ದಾರೆ, ಇಟ್ಟ ಹಣದಲ್ಲಿ ಎಷ್ಟು ನಿಜವಾಗಿ ನಮ್ಮ ಹಾಸ್ಟೆಲ್ಲಿಗೆ, ಕೇರಿಗೆ ಮುಟ್ಟಿತು ಅಂತ ಕೇಳಬೇಕು. ಹೀಗೆ ಕೇಳಿದವರ ಒತ್ತಾಯದಿಂದಲೇ ಆ ಕಾಯ್ದೆಯ 7(ಡಿ) ಕಲಮು 2023ರಲ್ಲಿ ಹೋಯ್ತು. ಎಲ್ಲರಿಗೂ ಮಾಡೋ ರಸ್ತೆ, ಸೇತುವೆಯಂಥ ಕಾಮಗಾರಿಯ ಖರ್ಚಿನಲ್ಲೂ ಒಂದು ಪಾಲನ್ನ ನಮ್ಮ ಲೆಕ್ಕಕ್ಕೆ ಬರೆದುಕೊಳ್ಳೋಕೆ ದಾರಿ ಮಾಡಿಕೊಟ್ಟದ್ದು ಆ ಕಲಮು.

ಗೆಳೆಯರೇ, ಒಂದು ಕೆಲಸ ಮಾಡಿ. ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ, ನಾಲ್ಕೈದು ಮಂದಿ ಗುಂಪು ಕೂತುಕೊಳ್ಳಿ. ಬಂದವನು ಬಾರದವನಿಗೆ ಹೇಳಿಕೊಡಲಿ. ಡಿಗ್ರಿಯ ಅಣ್ಣ ಅಕ್ಕಂದಿರು ಹೈಸ್ಕೂಲಿನ ತಮ್ಮ ತಂಗಿಯರನ್ನ ಕೂರಿಸಿಕೊಳ್ಳಲಿ. ಪತ್ರಿಕೆಯಲ್ಲಿ ‘ಶೇಕಡಾ’ ಅಂತ ಕಂಡ ಕಡೆಯೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ: ಯಾವುದರ? ಉತ್ತರ ಆ ಸುದ್ದಿಯಲ್ಲೇ ಸಿಗದಿದ್ದರೆ ಆ ಅಂಕಿಯನ್ನ ನಂಬಬೇಡಿ.

ಮೊದಲ ರಾತ್ರಿಗೆ ಈ ಐದು ಲೆಕ್ಕ ಇಟ್ಟುಕೊಳ್ಳಿ.

1. ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳಲ್ಲಿ 5 ಪರಿಶಿಷ್ಟ ಜಾತಿಗೆ, 2 ಪಂಗಡಕ್ಕೆ ಮೀಸಲು. ಒಟ್ಟು ಮೀಸಲು ಶೇಕಡಾ ಎಷ್ಟು?

2. 224 ವಿಧಾನಸಭಾ ಕ್ಷೇತ್ರಗಳಲ್ಲಿ 36 ಪರಿಶಿಷ್ಟ ಜಾತಿಗೆ ಮೀಸಲು. ಶೇಕಡಾ ಎಷ್ಟು?

3. 5,000 ರೂಪಾಯಿಗೆ ತಿಂಗಳಿಗೆ ನೂರಕ್ಕೆ 3ರಂತೆ 8 ತಿಂಗಳ ಬಡ್ಡಿ ಎಷ್ಟು? ವರ್ಷದ ಲೆಕ್ಕದಲ್ಲಿ ಅದು ಶೇಕಡಾ ಎಷ್ಟಾಯ್ತು?

4. ಒಬ್ಬಳು 126 ದಿನ ತರಗತಿಗೆ ಹೋಗಿದ್ದಾಳೆ. ಅದು ಒಟ್ಟು ದಿನಗಳ ಶೇಕಡಾ 75. ಒಟ್ಟು ದಿನ ಎಷ್ಟು?

5. 600 ರೂಪಾಯಿಯ ಚಪ್ಪಲಿಗೆ ಶೇಕಡಾ 20 ರಿಯಾಯಿತಿ. ಉಳಿದ ಬೆಲೆಯ ಮೇಲೆ ಮತ್ತೆ ಶೇಕಡಾ 10. ಕೊಡಬೇಕಾದದ್ದು ಎಷ್ಟು? ಒಟ್ಟು ರಿಯಾಯಿತಿ ಮೂಲ ಬೆಲೆಯ ಶೇಕಡಾ 30 ಆಯ್ತೆ?

ಉತ್ತರಗಳು: (1) 25. (2) 16.07. (3) 1,200 ರೂಪಾಯಿ, ವರ್ಷಕ್ಕೆ ಶೇಕಡಾ 36. (4) 168 ದಿನ. (5) 432 ರೂಪಾಯಿ. ಇಲ್ಲ, ಶೇಕಡಾ 28.

ಉತ್ತರ ನೋಡೋ ಮೊದಲು ನೀವೇ ಬಿಡಿಸಿ. ಮುಂದಿನ ಶಿಬಿರಕ್ಕೆ ಬರುವಾಗ ನಿಮ್ಮ ಊರಿನ ಒಂದು ನಿಜವಾದ ಶೇಕಡಾ ಲೆಕ್ಕ ಬರಕೊಂಡು ಬನ್ನಿ. ಸಾಲದ್ದಾಗಲಿ, ಕೂಲಿಯದ್ದಾಗಲಿ, ಪಂಚಾಯ್ತಿಯ ಹಣದ್ದಾಗಲಿ. ಎಲ್ಲರೂ ಕೂತು ಬಿಡಿಸೋಣ.

ಜೈ ಭೀಮ್.